ಯುವಾನ್‌ಯಾಂಗ್ ಮೆಟ್ಟಿಲು ಗದ್ದೆ: ಮೂರು ರಾತ್ರಿ ಅಲ್ಲೇ ಉಳಿಯಿರಿ

ಪ್ರಶ್ನೆ: ನಾವು ಶಿರಸಿ ಹತ್ತಿರದವರು. ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ನನಗೆ 61, ಹೆಂಡತಿಗೆ 56. ಚೀನಾದ ಯುನ್ನಾನ್‌ನಲ್ಲಿ ಯುವಾನ್‌ಯಾಂಗ್ ಅನ್ನುವ ಕಡೆ ಬೆಟ್ಟದ ತುಂಬ ಮೆಟ್ಟಿಲು ಗದ್ದೆ ಇರುವ ಚಿತ್ರ ನೋಡಿದಾಗಿನಿಂದ ಒಮ್ಮೆ ಹೋಗಬೇಕು ಅಂತ ಆಸೆ. ಟೂರ್‌ನವರನ್ನು ಕೇಳಿದರೆ ಬೀಜಿಂಗ್, ಶಾಂಘೈ ಬಿಟ್ಟು ಬೇರೆ ಮಾತೇ ಇಲ್ಲ. 2027ರ ಫೆಬ್ರವರಿ ಮೊದಲ ವಾರ ಹೊರಡೋಣ ಅಂತಿದ್ದೇವೆ. ಒಟ್ಟು ಒಂಬತ್ತು ದಿನ. ಚೀನೀ ಭಾಷೆ ಬರುವುದಿಲ್ಲ. ಸಸ್ಯಾಹಾರಿಗಳು. ನಾವಾಗೇ ಹೋಗಿಬರಲು ಆಗುತ್ತಾ? ಹೆಂಡತಿಯ ಪ್ರಶ್ನೆ ಇನ್ನೊಂದು: ಬೆಳಗ್ಗೆ ಹಾಲು ಹಾಕಿದ ಚಹಾ ಸಿಗುತ್ತಾ?

ಉತ್ತರ: ಆಗುತ್ತೆ. ಆದರೆ ನೀವು ಹೇಳಿದ ವಾರ ಬೇಡ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2027ರಲ್ಲಿ ಚೀನೀ ಹೊಸ ವರ್ಷ ಫೆಬ್ರವರಿ 6ಕ್ಕೆ ಬರುತ್ತದೆ. ಆ ಹೊತ್ತಿಗೆ ಇಡೀ ದೇಶ ಊರಿಗೆ ಹೊರಟಿರುತ್ತದೆ. ನಮ್ಮಲ್ಲಿ ದೀಪಾವಳಿ ಹಿಂದಿನ ದಿನ ಬೆಂಗಳೂರಿನ ಮೆಜೆಸ್ಟಿಕ್ ನೋಡಿದ್ದೀರಲ್ಲ, ಅದು ಎರಡು ವಾರ ನಡೆದರೆ ಹೇಗಿರುತ್ತೋ ಹಾಗೆ. ರೈಲಿನಲ್ಲಿ ಸೀಟು ಸಿಗುವುದು ಕಷ್ಟ, ರೂಮಿನ ಬಾಡಿಗೆ ಎರಡು ಮೂರು ಪಟ್ಟು. ಕ್ಯಾಮೆರಾ ಹಿಡಿದವರೂ ಅದೇ ವಾರ ಬರುತ್ತಾರೆ. ನಾನಾದರೆ ಮಾರ್ಚ್ ಮೊದಲ ವಾರಕ್ಕೆ ತಳ್ಳುತ್ತೇನೆ. ಗದ್ದೆಯಲ್ಲಿ ಆಗಲೂ ನೀರು ನಿಂತಿರುತ್ತದೆ, ಚಳಿ ಸ್ವಲ್ಪ ಇಳಿದಿರುತ್ತದೆ. ಮಾರ್ಚ್ ಆಗುವುದಿಲ್ಲ ಅಂದರೆ ಡಿಸೆಂಬರ್ ನಡುವೆ ಹೋಗಿ. ಮೇ 1 ಮತ್ತು ಅಕ್ಟೋಬರ್ 1ರ ಸರ್ಕಾರಿ ರಜೆಗಳ ಹತ್ತಿರವೂ ಸುಳಿಯಬೇಡಿ.

ಚಿತ್ರದಲ್ಲಿ ನೀವು ನೋಡಿದ್ದು ಕನ್ನಡಿಯಂಥ ನೀರು ಅಲ್ವಾ? ಅದು ಚಳಿಗಾಲದ ನೋಟ. ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಏಪ್ರಿಲ್–ಮೇ ಹೊತ್ತಿಗೆ ನಾಟಿ, ಸೆಪ್ಟೆಂಬರ್ ಆಸುಪಾಸಿನಲ್ಲಿ ಕೊಯ್ಲು. ಕೊಯ್ಲಾದ ಮೇಲೂ ನೀರು ಬಿಡುವುದಿಲ್ಲ, ಮತ್ತೆ ತುಂಬಿಸಿ ಇಡುತ್ತಾರೆ. ಒಣಗಲು ಬಿಟ್ಟರೆ ಮಣ್ಣಿನ ಬದು ಬಿರುಕು ಬಿಡುತ್ತದೆ, ಆಮೇಲೆ ಒಂದು ಬದು ಜಾರಿದರೆ ಕೆಳಗಿನ ಹತ್ತು ಗದ್ದೆಗೆ ತೊಂದರೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೆಟ್ಟವಿಡೀ ನೀರು. ಕೆಲವು ಗದ್ದೆ ಕೆಂಪಗೆ ಕಾಣುತ್ತವೆ. ಅದು ಫೋಟೋದವರ ಕೈಚಳಕ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ, ನಮ್ಮಲ್ಲಿ ದನಕ್ಕೆ ಹಾಕಲು ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲಾ ಇದೆಯಲ್ಲ, ಅದೇ ಜಾತಿ. ಚಳಿಗೆ ಕೆಂಪಾಗುತ್ತದೆ.

ಈಗ ಊರಿನ ಹೆಸರು. ಜಾಸ್ತಿ ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮೊದಲನೆಯದಾಗಿ, ಹೆನಾನ್ ಪ್ರಾಂತ್ಯದಲ್ಲೂ ಒಂದು ಯುವಾನ್‌ಯಾಂಗ್ ಇದೆ. ಅಲ್ಲಿಯೂ ಅಕ್ಕಿಯೇ ಫೇಮಸ್ಸು. ನಿಮಗೆ ಬೇಕಾದದ್ದು ಯುನ್ನಾನ್ ಪ್ರಾಂತ್ಯದ ಹೊಂಗ್‌ಹೆ ಪ್ರದೇಶದ ಯುವಾನ್‌ಯಾಂಗ್. ಚೀನಾದಲ್ಲಿ ಇಂಥ ಆಡಳಿತ ಭಾಗವನ್ನು 'ಷ್ಯೆನ್' ಅನ್ನುತ್ತಾರೆ. ನಮ್ಮ ತಾಲ್ಲೂಕು ಮತ್ತು ಜಿಲ್ಲೆಯ ನಡುವೆ ಎಲ್ಲೋ ಇಟ್ಟುಕೊಳ್ಳಿ. ಎರಡನೆಯದಾಗಿ, ಈ ಯುವಾನ್‌ಯಾಂಗ್‌ಗೆ ಪೇಟೆ ಎರಡು. ಹಳೇ ಪೇಟೆ ಷಿನ್‌ಜ್ಯೆ, ಸುಮಾರು 1,600 ಮೀಟರ್ ಎತ್ತರದಲ್ಲಿ, ಬೆಟ್ಟದ ಮೇಲೆ. ಅಲ್ಲಿ ಗುಡ್ಡ ಕುಸಿಯುವ ಕಾಟ ಜಾಸ್ತಿಯಾಗಿ 1990ರ ದಶಕದಲ್ಲಿ ಸರ್ಕಾರಿ ಕಚೇರಿಗಳನ್ನು ಕೆಳಗೆ, ನದಿ ದಂಡೆಯ ನಾನ್‌ಷಾಕ್ಕೆ ತಂದರು. ತಮಾಷೆ ಅಂದರೆ 'ಷಿನ್‌ಜ್ಯೆ' ಅಂದರೆ ಹೊಸ ಬೀದಿ ಅಂತ ಅರ್ಥ, ಈಗ ಅದೇ ಹಳೇ ಪೇಟೆ.

ನಾನು ಮೊದಲ ಸಲ ಹೋದಾಗ ಆ್ಯಪ್‌ನಲ್ಲಿ 'ಯುವಾನ್‌ಯಾಂಗ್ ಹೋಟೆಲ್' ಅಂತ ಹುಡುಕಿ, ಅಗ್ಗ ಅಂತ ಒಂದು ರೂಮು ಹಿಡಿದೆ. ರಾತ್ರಿ ಒಂಬತ್ತಕ್ಕೆ ಬಸ್ ಇಳಿದೆ. ಸ್ವೆಟರ್, ಟೋಪಿ, ಎಲ್ಲ ಹಾಕಿಕೊಂಡು ಇಳಿದವನಿಗೆ ಹೊರಗೆ ಮಂಗಳೂರಿನ ಸೆಕೆ. ಬಾಳೆಗಿಡ, ಅಗಲ ರಸ್ತೆ, ಸರ್ಕಾರಿ ಕಟ್ಟಡಗಳು. ಗದ್ದೆ ಎಲ್ಲಿ ಅಂತ ಹೋಟೆಲ್ ಹುಡುಗಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಅವಳು ನಗುತ್ತ ಮೇಲೆ ಚಾವಣಿ ಕಡೆ ಬೆರಳು ತೋರಿಸಿದಳು. ನಾನಿದ್ದದ್ದು ನಾನ್‌ಷಾದಲ್ಲಿ. ಗದ್ದೆ ಇದ್ದದ್ದು ಒಂದೂವರೆ ಸಾವಿರ ಮೀಟರ್ ಮೇಲೆ. ಬೆಳಗಿನ ಸೂರ್ಯೋದಯ ತಪ್ಪಿತು.

ಆದ್ದರಿಂದ ರೂಮು ಬುಕ್ ಮಾಡುವಾಗ ಹಳ್ಳಿಯ ಹೆಸರು ನೋಡಿ. ನಿಮಗೆ ನಾನು ಹೇಳುವುದು ಪುಗಾವ್‌ಲಾವ್ ಹಳ್ಳಿ. ಬೆಳಗಿನ ನೋಟಕ್ಕೆ ಹೆಸರಾದ ದ್ವೋಯಿಶು ಪಕ್ಕದಲ್ಲೇ ಇದೆ. ಮನೆಗಳನ್ನೇ ಸಣ್ಣ ಹೋಟೆಲ್ ಮಾಡಿಕೊಂಡಿದ್ದಾರೆ. ಹಾಸಿಗೆಯಿಂದ ಎದ್ದು, ಟಾರ್ಚ್ ಹಿಡಿದು ನಡೆದುಕೊಂಡೇ ಹೋಗಬಹುದು. ಹಳ್ಳಿಯ ಓಣಿಯಲ್ಲಿ ಕಾರು ಹೋಗುವುದಿಲ್ಲ, ಬ್ಯಾಗು ಹೊತ್ತು ಮೆಟ್ಟಿಲು ಇಳಿಯಬೇಕು. ಮಂಡಿ ನೋವಿದ್ದರೆ ರಸ್ತೆ ಬದಿಯ ಮನೆಯನ್ನೇ ಕೇಳಿ. ಬುಕ್ ಮಾಡುವ ಮೊದಲು ಒಂದು ಮಾತು ಬರೆದು ಕೇಳಿ: ಭಾರತದ ಪಾಸ್‌ಪೋರ್ಟ್ ಇರುವವರನ್ನು ಉಳಿಸಿಕೊಳ್ಳುತ್ತೀರಾ ಅಂತ. ವಿದೇಶಿಯರು ಬಂದ 24 ಗಂಟೆಯೊಳಗೆ ಪೊಲೀಸರ ಲೆಕ್ಕಕ್ಕೆ ಹೋಗಬೇಕು. ಹೋಟೆಲಿನವರು ಅದನ್ನು ತಾವೇ ಮಾಡುತ್ತಾರೆ. ಸಣ್ಣ ಮನೆಯವರಿಗೆ ಕೆಲವೊಮ್ಮೆ ಪಾಸ್‌ಪೋರ್ಟ್ ನೋಂದಣಿ ಮಾಡಿ ಅಭ್ಯಾಸ ಇರುವುದಿಲ್ಲ. ರಾತ್ರಿ ಹತ್ತಕ್ಕೆ ಬಾಗಿಲಲ್ಲಿ ನಿಂತು ಆ ಮಾತು ಕೇಳುವುದು ಬೇಡ.

ಮೂರು ರಾತ್ರಿ ಅಲ್ಲೇ ಉಳಿಯಿರಿ. ಇದರಲ್ಲಿ ಚೌಕಾಸಿ ಬೇಡ. ಕಾರಣ ಮಂಜು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣಿವೆಯಿಂದ ಎದ್ದು ಬಂದು ಕೂತರೆ ಕೆಲವೊಮ್ಮೆ ಎರಡು ದಿನ ಕದಲುವುದಿಲ್ಲ. ಎದುರಿಗೆ ನಿಂತ ಹೆಂಡತಿಯೂ ಕಾಣುವುದಿಲ್ಲ. ಯುನ್ನಾನ್‌ನ ರಾಜಧಾನಿ ಕುನ್ಮಿಂಗ್‌ನಿಂದ ಒಂದು ರಾತ್ರಿಗೆ ಓಡಿಬಂದವರು ಬಿಳಿ ಗೋಡೆ ನೋಡಿ ವಾಪಸ್ ಹೋಗುವುದನ್ನು ನಾನು ನೋಡಿದ್ದೇನೆ. ಮೂರು ದಿನ ಇದ್ದರೆ ಎಲ್ಲೋ ಒಂದು ಅರ್ಧ ಗಂಟೆ ಪರದೆ ಸರಿದೇ ಸರಿಯುತ್ತದೆ. ನಿಜ ಹೇಳಬೇಕೆಂದರೆ ಪೂರ್ತಿ ಬಿಸಿಲಿಗಿಂತ ಆ ಅರ್ಧ ಗಂಟೆಯೇ ಚೆನ್ನ.

ಚೀನಾಕ್ಕೆಲ್ಲ ಒಂದೇ ಗಡಿಯಾರ, ನಮಗಿಂತ ಎರಡೂವರೆ ಗಂಟೆ ಮುಂದೆ. ಯುನ್ನಾನ್ ಇರುವುದು ಬೀಜಿಂಗ್‌ಗಿಂತ ಬಹಳ ಪಶ್ಚಿಮಕ್ಕೆ, ನೈಋತ್ಯ ಮೂಲೆಯಲ್ಲಿ. ಹಾಗಾಗಿ ಮಾರ್ಚ್‌ನಲ್ಲೂ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ. ನಾಲ್ಕಕ್ಕೆ ಏಳಬೇಕಾಗಿಲ್ಲ. ಸಂಜೆಯ ನೋಟಕ್ಕೆ ಬಾದಾ ಮತ್ತು ಲಾವ್‌ಹುಝ್ವೇ ಚೆನ್ನ. ಲಾವ್‌ಹುಝ್ವೇ ಅಂದರೆ ಹುಲಿಯ ಬಾಯಿ. ಇವು ಪುಗಾವ್‌ಲಾವ್‌ನಿಂದ ದೂರ, ವ್ಯಾನ್ ಬೇಕು. ನಮ್ಮ ಓಮ್ನಿ ತರಹದ ಗಾಡಿಗೆ ಅಲ್ಲಿ 'ಮ್ಯೆನ್‌ಬಾವ್ ಛ' ಅನ್ನುತ್ತಾರೆ, ಬ್ರೆಡ್ಡಿನ ಗಾಡಿ ಅಂತ. ಬ್ರೆಡ್ಡಿನ ಪೌಂಡಿನ ಹಾಗೇ ಇರುತ್ತದೆ. ಮನೆಯವರಿಗೆ ಹೇಳಿದರೆ ಕರೆಸಿಕೊಡುತ್ತಾರೆ. ಹೊರಡುವ ಮೊದಲೇ ರೇಟು ಮಾತಾಡಿ, ಫೋನಿನಲ್ಲಿ ಅಂಕಿ ಬರೆದು ತೋರಿಸಿ. ಪ್ರವೇಶದ ಟಿಕೆಟ್ ಒಮ್ಮೆ ತೆಗೆದುಕೊಂಡರೆ ಮುಖ್ಯ ನೋಟದ ಜಾಗಗಳಿಗೆಲ್ಲ ನಡೆಯುತ್ತದೆ, ಅದನ್ನು ಬಿಸಾಡಬೇಡಿ.

ನೋಡುವುದು ಏನು? ಇಲ್ಲಿ ಉಳಿದ ಪ್ರವಾಸಿಗರಿಗೆ ಹೇಳುವುದಕ್ಕಿಂತ ನಿಮಗೆ ಬೇರೆಯೇ ಹೇಳಬೇಕು. ಎಲ್ಲರೂ ಕೆಳಗೆ ನೋಡುತ್ತಾರೆ. ನೀವು ಮೇಲೆ ನೋಡಿ. ತುದಿಯಲ್ಲಿ ಕಾಡು, ಅದರ ಕೆಳಗೆ ಹಳ್ಳಿ, ಹಳ್ಳಿಯ ಕೆಳಗೆ ಗದ್ದೆ, ಎಲ್ಲಕ್ಕಿಂತ ಕೆಳಗೆ ನದಿ. ಯುನೆಸ್ಕೊ 2013ರಲ್ಲಿ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಬರೀ ಗದ್ದೆಗಾಗಿ ಅಲ್ಲ, ಈ ಪೂರ್ತಿ ಜೋಡಣೆಗೆ. ನಿಮ್ಮ ಸೊಪ್ಪಿನ ಬೆಟ್ಟ, ಅದರ ಕೆಳಗಿನ ತೋಟ, ಅಬ್ಬಿ ನೀರು, ಇದೇ ಲೆಕ್ಕವೇ. ಅಲ್ಲಿನ 'ಹಾನಿ' ಎಂಬ ಬುಡಕಟ್ಟಿನ ಜನ ಸುಮಾರು 1,300 ವರ್ಷದಿಂದ ಹೀಗೆ ಮಾಡಿಕೊಂಡು ಬಂದಿದ್ದಾರೆ. ಕಾಡಿನಿಂದ ಬರುವ ನೀರನ್ನು ಕಾಲುವೆಯಲ್ಲಿ ಹಳ್ಳಿಯ ಮೂಲಕ ಹಾಯಿಸುತ್ತಾರೆ. ಕೊಟ್ಟಿಗೆ ಗೊಬ್ಬರವನ್ನು ಹೊಂಡದಲ್ಲಿ ಕೂಡಿಹಾಕಿ, ಸಮಯ ಬಂದಾಗ ಅದೇ ನೀರಿಗೆ ಬಿಟ್ಟರೆ ಗೊಬ್ಬರ ತಾನಾಗಿ ಗದ್ದೆಗೆ ಇಳಿಯುತ್ತದೆ. ಬೆನ್ನ ಮೇಲೆ ಹೊರುವ ಕೆಲಸವೇ ಇಲ್ಲ.

ಒಂದು ವಸ್ತುವನ್ನು ಹುಡುಕಿಕೊಂಡು ಹೋಗಿ ನೋಡಲೇಬೇಕು. ಕಾಲುವೆ ಕವಲಾಗುವ ಕಡೆ ಅಡ್ಡಕ್ಕೆ ಒಂದು ಮರದ ತುಂಡು ಅಥವಾ ಕಲ್ಲು ಮಲಗಿಸಿರುತ್ತಾರೆ. ಅದರ ಮೇಲೆ ಕಚ್ಚು ಹಾಕಿರುತ್ತದೆ. ಒಂದು ಕಚ್ಚು ಒಂದು ಅಂಗೈ ಅಗಲ, ಇನ್ನೊಂದು ನಾಲ್ಕೇ ಬೆರಳು. ಎಷ್ಟು ಗದ್ದೆಗೆ ನೀರು ಹೋಗಬೇಕೋ ಅಷ್ಟು ಅಗಲದ ಕಚ್ಚು. ಆಳ ಒಂದೇ ಸಮ. ಮೀಟರೂ ಇಲ್ಲ, ಗೇಟೂ ಇಲ್ಲ. ಪಾಚಿ ಕಟ್ಟಿದ ಆ ಮರದ ಮೇಲೆ ನೀರು ಜುಳುಜುಳು ಅಂತ ಪಾಲಾಗಿ ಇಳಿಯುವುದನ್ನು ನಾನು ಅರ್ಧ ಗಂಟೆ ಕೂತು ನೋಡಿದೆ. ಕಾಲುವೆ ನೋಡಿಕೊಳ್ಳಲು ಊರವರೇ ಒಬ್ಬನನ್ನು ಇಟ್ಟಿರುತ್ತಾರೆ. ನಮ್ಮ ಬಯಲುಸೀಮೆ ಕೆರೆಗಳಲ್ಲಿ ನೀರುಗಂಟಿ ಇದ್ದನಲ್ಲ, ಅವನೇ. ಮನೆಯ ಯಜಮಾನರಿಗೆ ಈ ಕಚ್ಚಿನ ಮರದ ಚಿತ್ರ ಬಿಡಿಸಿ ತೋರಿಸಿದರೆ ಕರೆದುಕೊಂಡು ಹೋಗುತ್ತಾರೆ. ರೈತ ಅಂತ ಗೊತ್ತಾದರೆ ಮಾತೇ ಬೇರೆ. ನಿಮ್ಮ ಗದ್ದೆಯ, ತೋಟದ ನಾಲ್ಕು ಫೋಟೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಭಾಷಾಂತರದ ಆ್ಯಪ್‌ಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಅಝೆಕೆ ಎಂಬ ಸಣ್ಣ ಹಳ್ಳಿಗೂ ಒಂದು ಬೆಳಗ್ಗೆ ಕೊಡಿ. ಮಣ್ಣಿನ ಗೋಡೆ, ದಪ್ಪ ಹುಲ್ಲಿನ ಮಾಡು, ದೂರದಿಂದ ಅಣಬೆ ಎದ್ದಂತೆ ಕಾಣುವ ಮನೆಗಳು ಅಲ್ಲಿ ಉಳಿದಿವೆ. ಉಳಿದಿರುವುದಕ್ಕೆ ಕಾರಣ ಇದೆ. 2018ರಲ್ಲಿ ಸನ್ ಯಾಟ್‌ಸೆನ್ ವಿಶ್ವವಿದ್ಯಾಲಯದ ತಂಡವೊಂದರ ನೆರವಿನಿಂದ ಊರವರೇ ಒಂದು ಕಂಪನಿ ಮಾಡಿಕೊಂಡರು. ಬಂದ ಆದಾಯದಲ್ಲಿ ನೂರಕ್ಕೆ 70 ಊರಿನ ಮನೆಗಳಿಗೆ, 30 ಕಂಪನಿಯ ಖರ್ಚಿಗೆ. ಹಳೇ ಮನೆ ಕೆಡವದೆ ಇಟ್ಟುಕೊಂಡವರಿಗೆ, ಗದ್ದೆ ಪಾಳು ಬಿಡದವರಿಗೆ ಪಾಲು. ಗದ್ದೆ ಮಾಡುವವರು ಇಲ್ಲದಿದ್ದರೆ ನೋಡಲು ಬರುವವರೂ ಇಲ್ಲ ಅಂತ ಅವರಿಗೆ ಸರಿಯಾಗೇ ಗೊತ್ತಾಗಿದೆ. ಊರ ಮೇಲಿನ ಕಾಡಿನಲ್ಲಿ ಅವರದೊಂದು ದೇವರಕಾಡು ಇರುತ್ತದೆ. ಅದರೊಳಗೆ ಮಾತ್ರ ಕಾಲಿಡಬೇಡಿ.

ಸಂತೆ ಸಿಕ್ಕರೆ ಬಿಡಬೇಡಿ. ಹಾನಿ, ಯಿ, ದಾಯ್, ಮ್ಯಾವ್, ಯಾವ್ ಹೀಗೆ ಎಲ್ಲ ಬುಡಕಟ್ಟಿನ ಜನರೂ ಬೆಟ್ಟದಿಂದ ಇಳಿದು ಬರುತ್ತಾರೆ. ಸಂತೆ ದಿನ ಅಲ್ಲಿ ಇಲಿ, ಎತ್ತು, ಹುಲಿ ಅಂತ ಹನ್ನೆರಡು ಪ್ರಾಣಿಗಳ ಲೆಕ್ಕದಲ್ಲಿ ಸುತ್ತುತ್ತದೆ. ಹಾಗಾಗಿ ಈಗಲೇ ತಾರೀಖು ಹೇಳಲು ಬರುವುದಿಲ್ಲ, ಮನೆಯವರನ್ನೇ ಕೇಳಿ. ನೀಲಿ ಬಟ್ಟೆಯ ಅಜ್ಜಿಯರ ಫೋಟೋ ಕೇಳದೆ ತೆಗೆಯಬೇಡಿ.

ಇನ್ನು ದಾರಿ. ಬೆಂಗಳೂರಿನಿಂದ ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಕುನ್ಮಿಂಗ್‌ಗೆ ಹೋಗುವುದು ಸುಲಭ. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿ ಇರಲಿ. ಬೇರೆ ಬೇರೆ ತೆಗೆದುಕೊಂಡರೆ ನಡುವೆ ಬ್ಯಾಗು ಬಿಡಿಸಿ, ಆ ದೇಶದ ಇಮಿಗ್ರೇಷನ್ ದಾಟಿ, ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಕೋಲ್ಕತ್ತ–ಗುವಾಂಗ್‌ಝೌ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗಿದೆ. ಆದರೆ ಅಲ್ಲಿಂದ ಕುನ್ಮಿಂಗ್‌ಗೆ ಚೀನಾದೊಳಗಿನ ವಿಮಾನ ಹತ್ತಬೇಕು. 2025ರ ಜೂನ್ 28ರಿಂದ ಚೀನಾದ ಒಳನಾಡು ವಿಮಾನಗಳಲ್ಲಿ ಅವರ '3ಸಿ' ಎಂಬ ಸುರಕ್ಷತೆಯ ಗುರುತು ಇಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ನಮ್ಮ ಊರಿನ ಪವರ್ ಬ್ಯಾಂಕ್ ಅಲ್ಲೇ ಬುಟ್ಟಿಗೆ ಬೀಳುತ್ತದೆ.

ಕುನ್ಮಿಂಗ್‌ನಿಂದ ಯುವಾನ್‌ಯಾಂಗ್‌ಗೆ ನೇರ ಬಸ್ಸಿನಲ್ಲಿ ಇಡೀ ದಿನ ಹೋಗುತ್ತದೆ. ನಾನು ಹೇಳುವುದು ಹೀಗೆ: ಕುನ್ಮಿಂಗ್‌ನಲ್ಲಿ ಎರಡು ರಾತ್ರಿ ಸುಧಾರಿಸಿಕೊಳ್ಳಿ, ಆಮೇಲೆ ರೈಲಿನಲ್ಲಿ ಜ್ಯೆನ್‌ಶ್ವೇಗೆ ಬನ್ನಿ. ಎರಡು ಗಂಟೆಯ ಆಸುಪಾಸು. ಅಲ್ಲಿ ಎರಡು ರಾತ್ರಿ ಇದ್ದು, ಕಾರು ಮಾಡಿಕೊಂಡು ಪುಗಾವ್‌ಲಾವ್‌ಗೆ ಏರಿ. ಅದು ಸುಮಾರು ಮೂರು ಗಂಟೆ, ಪೂರ್ತಿ ತಿರುವು. ಬಸ್ಸೂ ಇದೆ, ಆದರೆ ಅದು ಹಳ್ಳಿ ಬಾಗಿಲಿಗೆ ಬಿಡುವುದಿಲ್ಲ, ನಡುವೆ ವ್ಯಾನ್ ಹಿಡಿಯಬೇಕು. ಇಬ್ಬರಿಗೆ ಕಾರಿನ ಕೆಲವು ನೂರು ಯುವಾನ್ (ಅಲ್ಲಿನ ದುಡ್ಡು) ದಂಡ ಅಲ್ಲ. ವಾಂತಿ ಬರುವವರು ಮಾತ್ರೆ ಮರೆಯಬೇಡಿ. ಮೂರು ರಾತ್ರಿ ಮೇಲೆ ಕಳೆದು ಅದೇ ದಾರಿಯಲ್ಲಿ ವಾಪಸ್. ನಿಮ್ಮ ಒಂಬತ್ತು ದಿನ ಸರಿಹೋಯಿತು. ಯುನ್ನಾನ್‌ನ ಬೇರೆ ಪ್ರವಾಸಿ ಊರುಗಳಾದ ಡಾಲಿ, ಲಿಜ್ಯಾಂಗ್ ಕೂಡ ನೋಡಿಬಿಡೋಣ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಜ್ಯೆನ್‌ಶ್ವೇ ಬರೀ ದಾರಿಯ ನಿಲ್ದಾಣ ಅಲ್ಲ. 1389ರ ಕೋಟೆ ಬಾಗಿಲು, ದೊಡ್ಡ ಕನ್‌ಫ್ಯೂಷಿಯಸ್ ದೇವಾಲಯ, ಊರಾಚೆ 17 ಕಮಾನಿನ ಕಲ್ಲಿನ ಸೇತುವೆ, ಇಂದಿಗೂ ಜನ ಕೊಡ ಹಿಡಿದು ಬರುವ ಹಳೇ ಬಾವಿಗಳು. ಆ ಬಾವಿ ನೀರಿನಲ್ಲೇ ತೋಫು, ಅಂದರೆ ಸೋಯಾ ಹಾಲಿನ ಪನೀರು, ಮಾಡುತ್ತಾರೆ. ಸಂಜೆ ಒಂದು ಅಂಗಡಿಯಲ್ಲಿ ಕೂತುಕೊಳ್ಳಿ. ತಗ್ಗಿನ ಮಣೆ, ಎದುರಿಗೆ ಕೆಂಡದ ಮೇಲೆ ಜಾಲರಿ, ಅದರ ತುಂಬ ಬೆರಳುದ್ದದ ತೋಫು ತುಂಡು. ಉಬ್ಬಿ ದುಂಡಗಾದಾಗ ಅಜ್ಜಿ ನಿಮ್ಮ ಕಡೆ ತಳ್ಳುತ್ತಾಳೆ. ನೀವು ಒಂದೊಂದು ತಿಂದ ಹಾಗೆ ಅವಳು ಒಂದೊಂದು ಜೋಳದ ಕಾಳನ್ನು ತಟ್ಟೆಗೆ ಹಾಕುತ್ತಾಳೆ. ಕೊನೆಗೆ ಕಾಳು ಎಣಿಸಿ ದುಡ್ಡು. ಸ್ವಲ್ಪ ಹುಳಿ ವಾಸನೆ ಇರುತ್ತದೆ, ಹೆದರಬೇಡಿ. ಒಣ ಖಾರದ ಪುಡಿಯಲ್ಲಿ ಅದ್ದಿ ತಿಂದರೆ ನಮ್ಮ ಬಾಯಿಗೆ ಹಿಡಿಸುತ್ತದೆ. ನಾನು ಒಮ್ಮೆ 23 ಕಾಳಿನವರೆಗೆ ಹೋಗಿದ್ದೇನೆ.

ಊಟದ ವಿಷಯಕ್ಕೆ ಬಂದೆವಲ್ಲ, ಮುಗಿಸಿಬಿಡೋಣ. ಯುನ್ನಾನ್‌ನಲ್ಲಿ ತರಕಾರಿಗೆ ಬರ ಇಲ್ಲ. ಸೊಪ್ಪು, ಆಲೂಗಡ್ಡೆ, ಬದನೆ, ಕಳಲೆ, ಪುದೀನ, ಎಲ್ಲ ಸಿಗುತ್ತದೆ. ಮೇಲೆ ಗದ್ದೆಯ ಕೆಂಪಕ್ಕಿ ಅನ್ನ. ತೊಂದರೆ ಇರುವುದು ಎಣ್ಣೆಯಲ್ಲಿ. ಹಳ್ಳಿಯಲ್ಲಿ ಸೊಪ್ಪನ್ನೂ ಹಂದಿ ಕೊಬ್ಬಿನಲ್ಲಿ ಹುರಿಯುವ ರೂಢಿ ಇದೆ. 'ಮಾಂಸ ಬೇಡ' ಅಂದರೆ ಕಣ್ಣಿಗೆ ಕಾಣುವ ತುಂಡು ತೆಗೆಯುತ್ತಾರೆ ಅಷ್ಟೇ. ಆದ್ದರಿಂದ ಒಂದು ಚೀಟಿ ಚೀನೀ ಲಿಪಿಯಲ್ಲಿ ಮುದ್ರಿಸಿಕೊಳ್ಳಿ: ನಾವು ಸಸ್ಯಾಹಾರಿಗಳು, ಮಾಂಸ, ಮೀನು, ಹಂದಿ ಎಣ್ಣೆ, ಮಾಂಸದ ಸಾರು, ಚಿಕನ್ ಪುಡಿ ಬೇಡ, ಅಡುಗೆ ಎಣ್ಣೆ, ಉಪ್ಪು, ಖಾರ, ಬೆಳ್ಳುಳ್ಳಿ ಆಗುತ್ತದೆ. ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅದನ್ನೂ ಬರೆಸಿ. ಬಾಯಲ್ಲಿ ಹೇಳಲು 'ವೊ ಛ್ ಸು', ನಾನು ಸಸ್ಯಾಹಾರಿ. 'ಝೂ ಯೋ' ಅಂದರೆ ಹಂದಿ ಎಣ್ಣೆ. ಅದನ್ನು ಹೇಳಿ ಕೈ ಆಡಿಸಿ. ಜೊತೆಗೆ ಗೊಜ್ಜವಲಕ್ಕಿ, ಚಟ್ನಿಪುಡಿ ಇರಲಿ. ಬಿಸಿನೀರು ಅಲ್ಲಿ ರೈಲಿನಲ್ಲಿ, ಹೋಟೆಲಿನಲ್ಲಿ, ಎಲ್ಲ ಕಡೆ ಪುಕ್ಕಟೆ. ಒಂದು ಫ್ಲಾಸ್ಕ್ ಇದ್ದರೆ ಅವಲಕ್ಕಿ ಎಲ್ಲಿ ಬೇಕಾದರೂ ನೆನೆಯುತ್ತದೆ. ಹಣ್ಣು, ತರಕಾರಿ, ಬೆಣ್ಣೆ, ಬೀಜ ಮಾತ್ರ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ. ನೀವು ರೈತರು, ಕೆಂಪು ಭತ್ತ ನೋಡಿದರೆ ಒಂದು ಮುಷ್ಟಿ ಬೀಜ ಜೇಬಿಗೆ ಇಳಿಸುವ ಮನಸ್ಸಾಗುತ್ತದೆ. ಬೇಡ. ಅನುಮತಿ ಮತ್ತು ರೋಗಮುಕ್ತ ಪ್ರಮಾಣಪತ್ರ ಇಲ್ಲದೆ ಬೀಜ ತರುವುದು ನಮ್ಮಲ್ಲೂ ತಪ್ಪು.

ವೀಸಾ ಬೇಕೇ ಬೇಕು. ಕರ್ನಾಟಕದವರು ಬರುವುದು ಮುಂಬೈನ ಚೀನೀ ಕಾನ್ಸುಲೇಟ್ ವ್ಯಾಪ್ತಿಗೆ. ರದ್ದು ಮಾಡಬಹುದಾದ ರೂಮು ಬುಕಿಂಗ್, ದಿನದಿನದ ಪ್ರವಾಸದ ಪಟ್ಟಿ ಇಟ್ಟುಕೊಂಡು ಎರಡು ತಿಂಗಳು ಮೊದಲೇ ಶುರುಮಾಡಿ. ನಮ್ಮ ಕಡೆಯವರ ಒಂದು ಗೋಳು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲವೇ ಇನಿಶಿಯಲ್ ಒಂದೇ. ವಿಮಾನ, ರೈಲು, ಹೋಟೆಲ್ ಎಲ್ಲದರಲ್ಲೂ ಒಂದೇ ರೀತಿ ಬರೆಸಿ. ಅಲ್ಲಿನ ರೈಲಿಗೆ ಪಾಸ್‌ಪೋರ್ಟೇ ಟಿಕೆಟು. ಗೇಟಿನ ಯಂತ್ರ ಒಪ್ಪದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ಇರುವ ಗೇಟಿಗೆ ಹೋಗಿ. ರೈಲು ಟಿಕೆಟ್ ಹೊರಡುವ 15 ದಿನ ಮೊದಲು ತೆರೆಯುತ್ತದೆ.

ದುಡ್ಡು ಮತ್ತು ಫೋನು ಊರಲ್ಲೇ ತಯಾರಾಗಬೇಕು. ಅಲ್ಲಿ ಸೊಪ್ಪಿನ ಅಜ್ಜಿಯೂ ಕ್ಯೂಆರ್ ಚೀಟಿ ಇಟ್ಟಿರುತ್ತಾಳೆ, ಆದರೆ ನಮ್ಮ ಯುಪಿಐ ಅಲ್ಲ. ಅಲಿಪೇ ಮತ್ತು ವೀಚಾಟ್ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಚಾಲೂ ಮಾಡಿಸಿ. ಇದನ್ನು ಶಿರಸಿಯಲ್ಲೇ ಮಾಡಿ, ಯಾಕೆಂದರೆ ಒಟಿಪಿ ಬರುವುದು ನಿಮ್ಮ ನಂಬರಿಗೆ. ಒಂದು ಸಲಕ್ಕೆ 200 ಯುವಾನ್ ಒಳಗೆ ಕೊಟ್ಟರೆ ಆ್ಯಪ್‌ನ ಶುಲ್ಕ ಇಲ್ಲ, ಮೇಲಾದರೆ ನೂರಕ್ಕೆ 3. ಸ್ವಲ್ಪ ನಗದೂ ಇರಲಿ, 10–20 ಯುವಾನ್ ನೋಟುಗಳು. ವಾಟ್ಸ್ಆ್ಯಪ್, ಗೂಗಲ್ ಅಲ್ಲಿನ ವೈಫೈನಲ್ಲಿ ನಡೆಯುವುದಿಲ್ಲ. ನಮ್ಮ ಸಿಮ್ಮಿನ ರೋಮಿಂಗ್ ಹಾಕಿಸಿಕೊಂಡರೆ ನಡೆಯುತ್ತದೆ, ಮಕ್ಕಳಿಗೆ ಫೋಟೋ ಕಳಿಸಬಹುದು. ನಕ್ಷೆಗೆ ಗೂಗಲ್ ನಂಬಬೇಡಿ, ಅಲ್ಲಿನವರ ಆಮ್ಯಾಪ್ ಹಾಕಿ. ಭಾಷಾಂತರದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಬಟ್ಟೆ ವಿಷಯ ಸುಮ್ನೆ ಎರಡು ಮಾತು. ರಾತ್ರಿ ಬೆಟ್ಟದ ಮೇಲೆ ಚಳಿ ಕೊರೆಯುತ್ತದೆ, ಹಳ್ಳಿ ಮನೆಗಳ ಗೋಡೆ ಬೆಚ್ಚಗಿರುವುದಿಲ್ಲ. ವಿದ್ಯುತ್ ಹೊದಿಕೆ ಇದೆಯಾ ಅಂತ ಕೇಳಿ ರೂಮು ಹಿಡಿಯಿರಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ. ಬದುಗಳ ಮೇಲೆ ಪಾಚಿ ಇರುತ್ತದೆ.

ಕೊನೆಗೆ ನಿಮ್ಮ ಮನೆಯವರ ಪ್ರಶ್ನೆ. ಅಮ್ಮಾ, ನಮ್ಮ ತರಹದ ಹಾಲು ಹಾಕಿದ ಚಹಾ ಆ ಹಳ್ಳಿಗಳಲ್ಲಿ ಸಿಗುವುದು ಕಷ್ಟ. ಚಹಾಕ್ಕೆ ಹೆಸರಾದ ನಾಡು ಅದು, ಆದರೆ ಕೊಡುವುದು ಬರೀ ಎಲೆ, ಬಿಸಿನೀರು. ಒಂದು ಡಬ್ಬಿಯಲ್ಲಿ ಚಹಾಪುಡಿ, ಒಂದು ತುಂಡು ಒಣಶುಂಠಿ ಇಟ್ಟುಕೊಳ್ಳಿ. ಹಾಲಿನ ಪುಡಿ ಒಯ್ಯಬೇಡಿ, ಅಂಗಡಿಯಲ್ಲಿ ಹಾಲಿನ ಪ್ಯಾಕೆಟ್ ಸಿಗುತ್ತದೆ. 'ನ್ಯೂನಾಯ್' ಅಂತ ಕೇಳಿ. ಪುಗಾವ್‌ಲಾವ್‌ನ ಮನೆಯಲ್ಲಿ ಒಲೆ ತೋರಿಸಿ ಕೈಸನ್ನೆ ಮಾಡಿದರೆ ಅಡುಗೆಮನೆಗೆ ಬಿಡುತ್ತಾರೆ, ನನ್ನನ್ನು ಬಿಟ್ಟಿದ್ದಾರೆ. ಎರಡು ಲೋಟ ಜಾಸ್ತಿಯೇ ಇಡಿ. ಹಾಲು ಉಕ್ಕುವ ಹೊತ್ತಿಗೆ ಆ ಮನೆಯ ಅಜ್ಜಿ ಇಣುಕಿ ನೋಡಲು ಬಂದೇ ಬರುತ್ತಾಳೆ.